ಸ್ವಲ್ಪ ಸಾವಧಾನ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2005ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ತಿಪಟೂರಿನಲ್ಲಿ ಪಿಯುಸಿ, ಅನಂತರ ಬಿ.ಇ., ಈಗ ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸಮಿತಿಯವರು ಫೋನ್ ಮಾಡಿ, ‘ವೇಗದ ಬದುಕಿನಲ್ಲಿ ನೆಮ್ಮದಿಯಿಂದ ಇರುವುದು ಹೇಗೆ ಎಂಬುದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ’ ಎಂದರು. ‘ಅದಕ್ಕೆ ಯಾರಾದರೂ ಸ್ವಾಮೀಜಿಯವರನ್ನು ಕರೆಯಿರಿ’ ಎಂದೆ. ‘ಅವರು ಬೆಳಿಗ್ಗೆಯ ಕಾರ್ಯಕ್ರಮಕ್ಕೆ ಬರುತ್ತಾರೆ, ಮಧ್ಯಾಹ್ನ ಊಟ ಆದ ಮೇಲೆ ನೀವು’ ಎಂದರು. ಊಟವಾದ ಮೇಲೆ ನಿಧಾನದ ಬಗ್ಗೆ ಮಾತಾಡಿದರೆ ಸಭೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಆದರೂ ಪ್ರಯತ್ನಿಸುತ್ತೇನೆ. ಉಪದೇಶ ಮಾಡುವ ವಯಸ್ಸು ನನ್ನದಲ್ಲ. ನನ್ನ ಕೆಲಸದಿಂದ ಮತ್ತು ನಮ್ಮ ಮನೆಯಿಂದ ನನಗೆ ಗೊತ್ತಾದ ನಾಲ್ಕು ಮಾತು ಮಾತ್ರ ಹೇಳುತ್ತೇನೆ.

ಮೊದಲಿಗೆ ವೇಗದ ಪರವಾಗಿಯೇ ಮಾತಾಡಬೇಕು. ಇಂಥ ವಿಷಯ ಬಂದಾಗಲೆಲ್ಲ ‘ಹಿಂದಿನ ಕಾಲ ಎಷ್ಟು ಚೆನ್ನಾಗಿತ್ತು’ ಎಂದು ಹೇಳುವುದು ರೂಢಿ. ಆ ಕಾಲ ಯಾರಿಗೆ ಚೆನ್ನಾಗಿತ್ತು ಎಂದು ನಮ್ಮ ಅಜ್ಜಿಯರನ್ನು ಕೇಳಬೇಕು. ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸಿ, ನೀರು ಹೊತ್ತು, ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಮುದ್ದೆ ಮಾಡಿದವರು ಅವರು. ಮಿಕ್ಸಿ, ಗ್ಯಾಸು, ನಲ್ಲಿ ನೀರು ಬಂದು ಕೆಲಸ ಬೇಗ ಆಗುವಂತಾದದ್ದು ಅವರ ಪಾಲಿಗೆ ದೊಡ್ಡ ಬಿಡುಗಡೆ. ಪಹಣಿಗಾಗಿ ವಾರಗಟ್ಟಲೆ ಅಲೆಯುತ್ತಿದ್ದ ರೈತನಿಗೆ ಅದು ಕಂಪ್ಯೂಟರಿನಿಂದ ನಿಮಿಷದಲ್ಲಿ ಸಿಗುವಂತಾದದ್ದು ಒಳ್ಳೆಯದೇ. ಕೊಬ್ಬರಿ ರೇಟು ಇವತ್ತು ಎಷ್ಟಿದೆ ಎಂದು ಮನೆಯಲ್ಲೇ ಕುಳಿತು ನೋಡಬಹುದು. ಇದನ್ನೆಲ್ಲ ಬಿಟ್ಟು ಹಿಂದಕ್ಕೆ ಹೋಗೋಣ ಎಂದು ನಾನು ಹೇಳುವುದಿಲ್ಲ.

ನಮ್ಮ ಮನೆಯ ಉದಾಹರಣೆಯನ್ನೇ ಹೇಳುತ್ತೇನೆ. ಇದನ್ನು ನಮ್ಮ ತಂದೆಯವರ ಅನುಮತಿ ಕೇಳಿಯೇ ಹೇಳುತ್ತಿದ್ದೇನೆ. ಅವರು ಇಲ್ಲೇ ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ. ಮೂರು ವರ್ಷದ ಹಿಂದೆ ಒಂದು ದಿನ ತೋಟದಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಾಯಿ ಓರೆಯಾಯಿತು, ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಪಕ್ಕದ ತೋಟದ ಹುಡುಗನೊಬ್ಬ, ಇದೇ ಶಾಲೆಯಲ್ಲಿ ಓದಿದವನು, ‘ನೋಡೋಣ, ಸಂಜೆ ಹೊತ್ತಿಗೆ ಸರಿ ಹೋಗಬಹುದು’ ಎನ್ನಲಿಲ್ಲ. ತಕ್ಷಣ 108ಕ್ಕೆ ಫೋನ್ ಮಾಡಿದ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಆಗುವ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಅಷ್ಟರೊಳಗೆ ಸ್ಕ್ಯಾನ್ ಕೂಡ ಆಗಬೇಕು. ತುಮಕೂರಿನ ಆಸ್ಪತ್ರೆ ತಲುಪುವ ಹೊತ್ತಿಗೆ ಇನ್ನೂ ಸಮಯವಿತ್ತು. ಅಪ್ಪ ಉಳಿದರು. ಆ ದಿನ ನಮ್ಮ ತಂದೆಯನ್ನು ಉಳಿಸಿದ್ದು ವೇಗ. ಆದ್ದರಿಂದ ವೇಗವನ್ನು ನಾನು ಬೈಯಲಾರೆ. ಮುಖ ಓರೆಯಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯಬೇಡಿ ಎಂಬುದನ್ನು ಇಲ್ಲಿರುವ ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ತೊಂದರೆ ಎಲ್ಲಿದೆ? ನಮ್ಮ ಗಾಡಿಗಳು, ಯಂತ್ರಗಳು ವೇಗವಾಗಿ ಓಡುವುದರಿಂದ ಆಗುವ ತೊಂದರೆಗಿಂತ, ನಮ್ಮ ಗಮನ ಒಂದು ಕಡೆ ನಿಲ್ಲದೆ ಓಡುವುದರಿಂದ ಆಗುವ ತೊಂದರೆ ದೊಡ್ಡದು ಎಂದು ನನಗೆ ಅನ್ನಿಸಿದೆ. ಇದನ್ನು ನನ್ನ ವೃತ್ತಿಯ ಭಾಷೆಯಲ್ಲಿ ವಿವರಿಸುತ್ತೇನೆ.

ಕಂಪ್ಯೂಟರಿನ ಒಳಗೆ ಪ್ರೊಸೆಸರ್ ಎಂಬ ಭಾಗವಿದೆ, ಅದರ ಮೆದುಳು ಎನ್ನೋಣ. ನಮಗೆ ಅದು ಒಂದೇ ಸಲ ಹತ್ತು ಕೆಲಸ ಮಾಡಿದಂತೆ ಕಾಣುತ್ತದೆ. ನಿಜದಲ್ಲಿ ಪ್ರೊಸೆಸರಿನ ಒಂದು ಘಟಕ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ಈ ಕೆಲಸ ಸ್ವಲ್ಪ, ಆ ಕೆಲಸ ಸ್ವಲ್ಪ ಎಂದು ಕಣ್ಣು ಮಿಟುಕಿಸುವುದರೊಳಗೆ ಬದಲಾಯಿಸುತ್ತಾ ಹೋಗುತ್ತದೆ. ಹೀಗೆ ಬದಲಾಯಿಸುವಾಗ, ಮೊದಲಿನ ಕೆಲಸ ಎಲ್ಲಿಗೆ ನಿಂತಿತ್ತು ಎಂದು ಗುರುತು ಹಾಕಿಡಬೇಕು, ಹೊಸ ಕೆಲಸ ಎಲ್ಲಿಗೆ ನಿಂತಿತ್ತು ಎಂದು ತೆಗೆದು ನೋಡಬೇಕು. ಇದಕ್ಕೂ ಸಮಯ ಹಿಡಿಯುತ್ತದೆ. ಅದರ ನೆನಪಿನ ಜಾಗಕ್ಕೆ ಮೀರಿ ಕೆಲಸ ತುಂಬಿದರೆ, ಒಂದನ್ನು ಎತ್ತಿಟ್ಟು ಇನ್ನೊಂದನ್ನು ತರುವುದರಲ್ಲೇ ಅದರ ಸಮಯವೆಲ್ಲ ಕಳೆದು, ಒಂದು ಕೆಲಸವೂ ಮುಂದೆ ಸಾಗುವುದಿಲ್ಲ. ಕಂಪ್ಯೂಟರ್ ‘ಹ್ಯಾಂಗ್ ಆಯಿತು’ ಎನ್ನುತ್ತೀರಲ್ಲ, ಅನೇಕ ಸಲ ಅದು ಹೀಗೇ. ಅದು ಸುಮ್ಮನೆ ನಿಂತಿರುವುದಿಲ್ಲ, ಒಳಗೆ ವಿಪರೀತ ಓಡಾಡುತ್ತಿರುತ್ತದೆ.

ಮನುಷ್ಯನಿಗೂ ಹೀಗೇ. ಲೆಕ್ಕ ಮಾಡುತ್ತಿರುವ ಹುಡುಗ ಒಮ್ಮೆ ಫೋನ್ ನೋಡಿ ಮತ್ತೆ ಲೆಕ್ಕಕ್ಕೆ ಬಂದರೆ, ಹೋದದ್ದು ಫೋನ್ ನೋಡಿದ ಅರ್ಧ ನಿಮಿಷ ಮಾತ್ರವಲ್ಲ. ಎಲ್ಲಿಗೆ ಬಂದಿದ್ದೆ, ಈ ‘ಎಕ್ಸ್’ ಯಾವುದು, ಯಾಕೆ ಎರಡರಿಂದ ಭಾಗಿಸಿದೆ ಎಂದು ಮತ್ತೆ ಹಿಂದಿನಿಂದ ಬರಬೇಕು. ಮೈ ಮುಂದೆ ಬಂದಿದ್ದರೂ ಮನಸ್ಸಿನ ಒಂದು ತುಣುಕು ಹಿಂದೆಯೇ ಉಳಿದಿರುತ್ತದೆ. ಹೀಗೆ ದಿನಕ್ಕೆ ನೂರು ಸಲ ಆದರೆ, ಸಂಜೆಗೆ ಸುಸ್ತೋ ಸುಸ್ತು, ಆದರೆ ಏನು ಮಾಡಿದೆವು ಎಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ.

ಇದು ಮಕ್ಕಳ ಮನಸ್ಸು ದುರ್ಬಲವಾಗಿರುವುದರಿಂದ ಆಗುತ್ತಿದೆ ಎಂದು ದಯವಿಟ್ಟು ತಿಳಿಯಬೇಡಿ. ಹೀಗೆ ಆಗಲಿ ಎಂದೇ ಆ ವಸ್ತುಗಳನ್ನು ಕಟ್ಟಲಾಗಿದೆ. ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸರು, ಮುಂದೆ ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದವರು, 1971ರಲ್ಲೇ ಒಂದು ವಿಚಾರ ಹೇಳಿದ್ದರು. ಮಾಹಿತಿ ಎಲ್ಲಿ ಹೇರಳವಾಗುತ್ತದೋ ಅಲ್ಲಿ ಗಮನಕ್ಕೆ ಬರ ಬರುತ್ತದೆ ಎಂಬುದು ಅದರ ಸಾರಾಂಶ. ಬರ ಬಂದ ವಸ್ತುವಿಗೆ ಬೆಲೆ ಬರುತ್ತದೆ. ಫೋನಿನಲ್ಲಿ ನಮಗೆ ಪುಕ್ಕಟೆಯಾಗಿ ಸಿಗುವ ಹೆಚ್ಚಿನ ಆ್ಯಪ್‌ಗಳು ಜಾಹೀರಾತಿನಿಂದ ಬದುಕುತ್ತವೆ. ನಾವು ಎಷ್ಟು ಹೊತ್ತು ನೋಡುತ್ತೇವೋ ಅಷ್ಟು ಅವರಿಗೆ ವ್ಯಾಪಾರ. ನಮ್ಮ ಮಂಡಿಯಲ್ಲಿ ಕೊಬ್ಬರಿ ಹರಾಜಾಗುವ ಹಾಗೆ ಅಲ್ಲಿ ನಮ್ಮ ಗಮನ ಹರಾಜಾಗುತ್ತದೆ. ಒಂದೇ ವ್ಯತ್ಯಾಸ, ಕೊಬ್ಬರಿ ಮಾರಿದರೆ ದುಡ್ಡು ನಮಗೆ ಬರುತ್ತದೆ.

ಹಿಂದೆ ಪೇಪರಿಗೆ ಕೊನೆಯ ಪುಟ ಇತ್ತು. ರೇಡಿಯೋದಲ್ಲಿ ಚಿತ್ರಗೀತೆ ಮುಗಿದರೆ ಮುಗಿಯಿತು. ಫೋನಿನಲ್ಲಿ ಬೆರಳು ಎಳೆದಷ್ಟೂ ಬರುತ್ತಲೇ ಇರುತ್ತದೆ, ಕೊನೆಯೇ ಇಲ್ಲ. ಈ ಕೊನೆಯಿಲ್ಲದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬ ತಂತ್ರಜ್ಞರೇ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ವಿಷಾದ ಪಟ್ಟರು. ಇನ್ನೊಂದು ಉಪಾಯ ಅದಕ್ಕಿಂತ ಹಳೆಯದು. ಬಿ.ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಎಂಬ ಲೆಕ್ಕ ಗೊತ್ತಾಗದಂತೆ, ಒಮ್ಮೆ ಬೇಗ, ಒಮ್ಮೆ ತಡವಾಗಿ ಬೀಳುವಂತೆ ಮಾಡಿದರೆ, ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ. ಫೋನ್ ತೆಗೆದಾಗ ಒಮ್ಮೆ ಒಳ್ಳೆಯ ಸುದ್ದಿ, ಒಮ್ಮೆ ಏನೂ ಇಲ್ಲ. ಅದಕ್ಕೇ ಮತ್ತೆ ಮತ್ತೆ ತೆಗೆಯುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದಲೇ ತಂತ್ರಜ್ಞಾನದ ಅತಿಬಳಕೆಗೆಂದು ಪ್ರತ್ಯೇಕ ಚಿಕಿತ್ಸಾಲಯ ನಡೆಯುತ್ತಿದೆ ಎಂದರೆ, ಇದನ್ನು ಬರೀ ಶಿಸ್ತಿನ ಕೊರತೆ ಎಂದು ತಳ್ಳಿಹಾಕುವ ಹಾಗಿಲ್ಲ ಎಂದಾಯಿತು.

ಇದಕ್ಕೆ ಮದ್ದು ಏನು ಎಂದು ಹುಡುಕಿದಾಗ ನನಗೆ ನಮ್ಮ ಭಾಷೆಯಲ್ಲೇ ಒಂದು ಮಾತು ಸಿಕ್ಕಿತು. ‘ಸಾವಧಾನ’. ‘ಸಾವಧಾನವಾಗಿ ಹೋಗಪ್ಪ’, ‘ಸಾವಧಾನವಾಗಿ ಊಟ ಮಾಡು’ ಎನ್ನುತ್ತೇವೆ. ಅವಸರವಿಲ್ಲದೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಆದರೆ ಪದವನ್ನು ಬಿಡಿಸಿದರೆ ಸ-ಅವಧಾನ, ಅಂದರೆ ಅವಧಾನದಿಂದ ಕೂಡಿದ್ದು, ಗಮನವಿಟ್ಟು ಮಾಡಿದ್ದು. ಮದುವೆ ಮನೆಯಲ್ಲಿ ಪುರೋಹಿತರು ‘ಸಾವಧಾನ’ ಎಂದು ಕೂಗುವುದು ಎಲ್ಲರೂ ಗಮನ ಇಡಿ ಎಂದು. ಗಮನವಿಟ್ಟು ಮಾಡುವುದು ಎಂಬ ಮಾತೇ ಅವಸರವಿಲ್ಲದೆ ಮಾಡುವುದು ಎಂದೂ ಆಯಿತು. ಇವೆರಡೂ ಒಂದೇ ಎಂದು ಹಿರಿಯರಿಗೆ ಗೊತ್ತಿತ್ತು ಎಂದು ಕಾಣುತ್ತದೆ.

ಅಷ್ಟಾವಧಾನದ ಕಾರ್ಯಕ್ರಮವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಶತಾವಧಾನಿ ಆರ್. ಗಣೇಶ್ ಅವರು ಕನ್ನಡದಲ್ಲಿ ಈ ಕಲೆಯನ್ನು ಮತ್ತೆ ಬೆಳೆಸಿದವರು. ಅವರೂ ಎಂಜಿನಿಯರಿಂಗ್ ಓದಿದವರು ಎಂಬುದು ನಮ್ಮಂಥವರಿಗೆ ಒಂದು ಹೆಮ್ಮೆ. ಎಂಟು ಜನ ಪೃಚ್ಛಕರು ಎಂಟು ಬಗೆಯ ಸವಾಲು ಹಾಕುತ್ತಾರೆ. ಒಬ್ಬರು ಸಮಸ್ಯೆ ಕೊಡುತ್ತಾರೆ, ಒಬ್ಬರು ಅಕ್ಷರ ನಿಷೇಧಿಸುತ್ತಾರೆ, ಇನ್ನೊಬ್ಬರಿಗೆ ನಡುನಡುವೆ ಅಪ್ರಸ್ತುತ ಪ್ರಶ್ನೆ ಕೇಳಿ ಗಮನ ಕೆಡಿಸುವುದೇ ಕೆಲಸ. ನೋಡಿದವರಿಗೆ ಅವಧಾನಿ ಎಂಟು ಕೆಲಸ ಒಟ್ಟಿಗೆ ಮಾಡುತ್ತಿದ್ದಾರೆ ಎನ್ನಿಸುತ್ತದೆ. ಗಮನಿಸಿ ನೋಡಿದರೆ ಅವರು ಒಬ್ಬೊಬ್ಬರ ಬಳಿಗೂ ಸರದಿಯ ಮೇಲೆ ಬರುತ್ತಾರೆ. ಯಾರ ಬಳಿ ಬಂದರೋ ಆ ಹೊತ್ತಿಗೆ ಪೂರ್ತಿ ಅವರದೇ ಪ್ರಶ್ನೆ. ಬಿಟ್ಟುಬಂದದ್ದನ್ನು ಧಾರಣೆಯಲ್ಲಿ ಇಟ್ಟುಕೊಂಡಿರುತ್ತಾರೆ. ಎಂಟು ಕೆಲಸ ಮಾಡುವ ಶಕ್ತಿ ಬಂದದ್ದು ಒಂದೊಂದರಲ್ಲೂ ಪೂರ್ತಿ ಇರುವ ಅಭ್ಯಾಸದಿಂದ.

ಈಗ ಮತ್ತೆ ನಮ್ಮ ತಂದೆಯವರ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೈ ಸ್ವಲ್ಪ ಸ್ವಲ್ಪವಾಗಿ ಸುಧಾರಿಸಿತು. ಮಾತು ಮಾತ್ರ ಬಹಳ ತಡವಾಯಿತು. ಮಾತು ಕಲಿಸಲು ಬಂದ ತಜ್ಞೆ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು: ಇವರಿಗೆ ಬುದ್ಧಿ ಮಂಕಾಗಿಲ್ಲ, ನೀವು ಹೇಳುವುದು ಅರ್ಥವಾಗುತ್ತದೆ. ಆದರೆ ಹೇಳಬೇಕಾದ ಪದ ನಾಲಿಗೆಗೆ ಸಿಗುವುದು ತಡ. ಮಾತಾಡುವಾಗ ಟಿವಿ ಆರಿಸಿ. ಎದುರಿಗೆ ಕುಳಿತು ಮುಖ ನೋಡಿ. ಒಂದು ಹೊತ್ತಿಗೆ ಒಬ್ಬರೇ ಮಾತಾಡಿ. ಬಹಳ ಮುಖ್ಯವಾಗಿ, ಅವರ ವಾಕ್ಯವನ್ನು ನೀವು ಮುಗಿಸಬೇಡಿ, ಕಾಯಿರಿ.

ಒಂದು ಸಂಜೆ ನೋಡಲು ಬಂದ ನೆಂಟರು ಸುತ್ತ ಕುಳಿತಿದ್ದಾಗ ಅಪ್ಪ ‘ನಾ... ನಾ...’ ಎಂದರು. ಒಬ್ಬರು ‘ನಾಯಿನಾ?’ ಎಂದರು. ಇನ್ನೊಬ್ಬರು ‘ನಾಳೆನಾ? ನಾಳೆ ಡಾಕ್ಟರ ಹತ್ರ ಹೋಗ್ಬೇಕಾ?’ ಎಂದರು. ಎಲ್ಲರಿಗೂ ಅದೇ ಸರಿ ಎನ್ನಿಸಿತು. ಅಮ್ಮ ಮಾತ್ರ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಅವರ ಮುಖವನ್ನೇ ನೋಡುತ್ತಾ ಕುಳಿತರು. ಗಡಿಯಾರದಲ್ಲಿ ಒಂದು ನಿಮಿಷವೂ ಆಗಿರಲಿಲ್ಲ, ಆದರೆ ಸುಮ್ಮನೆ ಕುಳಿತವರಿಗೆ ಅದು ಬಹಳ ಉದ್ದ. ಕೊನೆಗೆ ಅಪ್ಪ ಹೇಳಿದರು, ‘ನಾಲೆ... ನೀರು... ಬಿಟ್ರಾ?’ ಹೇಮಾವತಿ ನಾಲೆಗೆ ನೀರು ಬಿಟ್ಟರಾ ಎಂದು ಕೇಳುತ್ತಿದ್ದರು. ಮಲಗಿದ ಮನುಷ್ಯನ ಮನಸ್ಸು ತೋಟದಲ್ಲಿತ್ತು. ನಾಳೆಗೂ ನಾಲೆಗೂ ಒಂದೇ ಅಕ್ಷರದ ವ್ಯತ್ಯಾಸ. ಅಮ್ಮ ಕಾಯದೆ ಇದ್ದಿದ್ದರೆ ಅವರು ಏನು ಕೇಳಿದರು ಎಂಬುದು ನಮಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರೂ ಸೋತು ‘ಹೂಂ’ ಎಂದು ಸುಮ್ಮನಾಗುತ್ತಿದ್ದರು.

ಫೋನಿನಲ್ಲಿ ಬರುವ ಧ್ವನಿ ಸಂದೇಶವನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವ ಗುಂಡಿ ಇದೆ. ಅಪ್ಪನ ಮಾತಿಗೆ ಅಂಥ ಗುಂಡಿ ಇಲ್ಲ. ಹಾಗೆ ನೋಡಿದರೆ ಮಗುವಿಗೂ ಇಲ್ಲ, ವಯಸ್ಸಾದವರಿಗೂ ಇಲ್ಲ, ದುಃಖದಲ್ಲಿರುವವರಿಗೂ ಇಲ್ಲ. ಆಸ್ಪತ್ರೆಗೆ ಒಯ್ಯುವಾಗ ವೇಗ ಅವರನ್ನು ಉಳಿಸಿತು, ಆಮೇಲೆ ಮಾತು ಮರಳಿ ಕೊಟ್ಟದ್ದು ಅಮ್ಮನ ಸಾವಧಾನ. ಎರಡೂ ಬೇಕು. ಯಾವುದು ಯಾವಾಗ ಬೇಕು ಎಂಬ ವಿವೇಚನೆ ಇರಬೇಕು ಅಷ್ಟೇ.

ಈ ವಿವೇಚನೆ ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿರುವ ತೆಂಗಿನ ಬೆಳೆಗಾರರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹೊಂಬಾಳೆ ಬಿರಿದು ಕಾಯಿ ಬಲಿಯಲು ಒಂದು ವರ್ಷ. ಆಮೇಲೆ ಉಂಡೆ ಕೊಬ್ಬರಿಗಾಗಿ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಮತ್ತೆ ಎಂಟರಿಂದ ಹನ್ನೆರಡು ತಿಂಗಳು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಬೇಕು. ಕಾಯಿ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಗಟಗಟ ಸದ್ದು ಮಾಡಿದಾಗಲೇ ಅದು ಆಯಿತು ಎಂದು ಲೆಕ್ಕ. ಅವಸರಪಟ್ಟು ಒಡೆದರೆ ತಿರುಳು ಚಿಪ್ಪಿಗೆ ಅಂಟಿಕೊಂಡೇ ಇರುತ್ತದೆ. ಆದರೆ ಅದೇ ರೈತ ಮಂಡಿಯಲ್ಲಿ ರೇಟು ಬಂದ ದಿನ ಗಾಡಿ ಕಟ್ಟಿಸಲು ಎಷ್ಟು ಚುರುಕು! ಕಾಯುವ ಕಡೆ ಕಾಯುವುದು, ಓಡುವ ಕಡೆ ಓಡುವುದು ಅವನಿಗೆ ಗೊತ್ತು.

ಒಂದು ಮಾತನ್ನು ಮರೆಯಬಾರದು. ನಿಧಾನವಾಗಿ ಬದುಕಿ ಎಂದು ಹೇಳುವುದು ಸುಲಭ, ಆದರೆ ಎಲ್ಲರ ಕೈಯಲ್ಲೂ ಅದು ಇಲ್ಲ. ನಮ್ಮ ಊರಿನ ಹುಡುಗರೇ ಬೆಂಗಳೂರಿನಲ್ಲಿ ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸಲು ಬೈಕಿನಲ್ಲಿ ಓಡುತ್ತಿದ್ದಾರೆ. ನಮ್ಮ ಹೆಣ್ಣುಮಕ್ಕಳು ಗಾರ್ಮೆಂಟ್ಸಿನಲ್ಲಿ ಗಂಟೆಗೆ ಇಷ್ಟು ಎಂಬ ಲೆಕ್ಕದ ಮೇಲೆ ಹೊಲಿಯುತ್ತಿದ್ದಾರೆ. ಅವರಿಗೆ ‘ಸಾವಧಾನ’ ಎಂದು ಉಪದೇಶ ಮಾಡುವ ಮೊದಲು, ಅಕ್ಕಿ ಹತ್ತು ನಿಮಿಷದ ಬದಲು ಒಂದು ಗಂಟೆಗೆ ಬಂದರೆ ನಮಗೇನು ನಷ್ಟ ಎಂದು ನಗರದಲ್ಲಿರುವ ನಾವು ಕೇಳಿಕೊಳ್ಳಬೇಕು. ಮನೆಯಲ್ಲೂ ಅಷ್ಟೇ. ಎಲ್ಲರೂ ನೆಮ್ಮದಿಯಾಗಿ ಕುಳಿತು ಉಣ್ಣಬೇಕು ಎನ್ನುವುದಾದರೆ ಬಡಿಸುವ ತಾಯಿಯೂ ಕೂರುವಂತಾಗಬೇಕು. ಒಬ್ಬರ ನಿಧಾನದ ಭಾರ ಇನ್ನೊಬ್ಬರ ಬೆನ್ನ ಮೇಲೆ ಬೀಳಬಾರದು.

ಇನ್ನು ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ.

ವಿದ್ಯಾರ್ಥಿಗಳಿಗೆ: ಓದಲು ಕೂತಾಗ ಫೋನ್ ಜೇಬಿನಲ್ಲೂ ಬೇಡ, ಪಕ್ಕದಲ್ಲೂ ಬೇಡ, ಇನ್ನೊಂದು ಕೋಣೆಯಲ್ಲಿರಲಿ. ನಲವತ್ತು ನಿಮಿಷ ಒಂದೇ ವಿಷಯ. ನಮ್ಮ ಶಾಲೆಯ ಒಂದು ಪೀರಿಯಡ್‌ನಷ್ಟು. ಆಮೇಲೆ ಎದ್ದು ನೀರು ಕುಡಿದು ಅಂಗಳದಲ್ಲಿ ಓಡಾಡಿ ಬನ್ನಿ. ಫೋನಿನಲ್ಲಿ ಪಾಠ ನೋಡಬೇಕಾದರೆ ಅದಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ, ಆಗ ಬರುವ ಸೂಚನೆಗಳನ್ನೆಲ್ಲ ಆರಿಸಿಡಿ. ಫೋನನ್ನು ಕಟ್ಟುವ ಕೆಲಸ ಬಲ್ಲವನಾಗಿ ಹೇಳುತ್ತೇನೆ, ಪ್ರತಿ ಸೂಚನೆಯನ್ನೂ ಆರಿಸುವ ವ್ಯವಸ್ಥೆ ಅದರಲ್ಲಿ ಇದೆ, ಯಾರೂ ಹುಡುಕುವುದಿಲ್ಲ ಅಷ್ಟೇ.

ಗುರುಗಳಿಗೆ ನಾನು ಹೇಳುವುದು ಏನೂ ಇಲ್ಲ, ನೆನಪು ಮಾಡಬಹುದು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ ತರಗತಿಗಳಲ್ಲಿ ಕುಳಿತು ಅಧ್ಯಯನ ಮಾಡಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುತ್ತಿದ್ದುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹಿಂದೆ ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಇದನ್ನು ಓದಿದಾಗ ನನಗೆ ನಮ್ಮ ಗಣಿತದ ಮೇಷ್ಟ್ರು ನೆನಪಾದರು. ಅವರು ಪ್ರಶ್ನೆ ಕೇಳಿ, ಆಮೇಲೆ ನಮಗೆ ಬೆನ್ನು ಹಾಕಿ ಬೋರ್ಡಿನ ಒಂದು ಮೂಲೆಯನ್ನು ಸಾವಕಾಶವಾಗಿ ಒರೆಸುತ್ತಿದ್ದರು. ಒರೆಸಲು ಅಲ್ಲಿ ಏನೂ ಇರುತ್ತಿರಲಿಲ್ಲ. ಕೊನೆಯ ಬೆಂಚಿನವನಿಗೂ ಯೋಚಿಸಲು ಸಮಯ ಸಿಗಲಿ ಎಂದು ಹಾಗೆ ಮಾಡುತ್ತಿದ್ದರು ಎಂದು ಈಗ ತಿಳಿಯುತ್ತದೆ.

ಹೊರ ಊರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ: ಊರಿನಲ್ಲಿರುವ ತಂದೆತಾಯಿಗೆ ಫೋನ್ ಮಾಡುವಾಗ ಗಾಡಿ ಓಡಿಸುತ್ತಾ, ಲ್ಯಾಪ್‌ಟಾಪ್ ನೋಡುತ್ತಾ ಬೇಡ. ವಾರಕ್ಕೆ ಒಂದೇ ಸಲವಾದರೂ ಸರಿ, ಒಂದು ಕಡೆ ಕುಳಿತು ಮಾಡೋಣ. ‘ಮತ್ತೇನು ವಿಶೇಷ’ ಎಂದು ಕೇಳಿದ ಮೇಲೆ ಆ ಕಡೆಯಿಂದ ಬರುವ ಮೌನವನ್ನು ಸ್ವಲ್ಪ ತಡೆದುಕೊಳ್ಳೋಣ. ಎಷ್ಟೋ ಸಲ ಹೇಳಬೇಕಾದ ಮಾತು ಆ ಮೌನದ ಆಚೆಗೆ ಇರುತ್ತದೆ.

ಕೊನೆಯದಾಗಿ ಊರಿನವರಲ್ಲಿ ಒಂದು ಕೋರಿಕೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. ಅಲ್ಲಿ 2022ರಿಂದ ಸಂಜೆ 7 ಗಂಟೆಗೆ ದೇವಸ್ಥಾನದ ಸೈರನ್ ಕೂಗಿದರೆ ಮನೆಮನೆಯಲ್ಲೂ ಒಂದೂವರೆ ಗಂಟೆ ಟಿವಿ, ಮೊಬೈಲ್ ಬಂದ್ ಮಾಡುವ ಪದ್ಧತಿ ತಂದರು. ಮಕ್ಕಳು ಓದುತ್ತಾರೆ, ದೊಡ್ಡವರು ಮಾತಾಡುತ್ತಾರೆ. ನಮ್ಮದೇ ಬೆಳಗಾವಿ ಜಿಲ್ಲೆಯ ಹಲಗಾ ಗ್ರಾಮದವರೂ ಇಂಥದೇ ಕ್ರಮ ಶುರು ಮಾಡಿದರು. ಇದರಲ್ಲಿ ನನಗೆ ಹಿಡಿಸಿದ್ದು ‘ಎಲ್ಲರೂ’ ಎಂಬ ಮಾತು. ಅಪ್ಪ ಫೋನ್ ನೋಡುತ್ತಾ ಮಗನಿಗೆ ಓದು ಎಂದರೆ ಆಗದು. ಒಬ್ಬನೇ ಬಿಟ್ಟರೆ ಅವನು ಒಂಟಿ, ಊರೇ ಬಿಟ್ಟರೆ ಅದೊಂದು ಹಬ್ಬ.

ನಮ್ಮ ಊರಿನಲ್ಲೂ ಬರುವ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ, ಸಂಜೆ 7ರಿಂದ 8, ಒಂದೇ ಗಂಟೆ, ಇದನ್ನು ಮಾಡಿ ನೋಡಬಹುದೇ? ಸೈರನ್ ಬೇಕಾಗಿಲ್ಲ, ನಮ್ಮ ಶಾಲೆಯ ಗಂಟೆ ಇದೆ. ಐವತ್ತು ವರ್ಷದಿಂದ ಬೆಳಿಗ್ಗೆ ಮಕ್ಕಳನ್ನು ಕರೆದ ಗಂಟೆ ಸಂಜೆ ಒಮ್ಮೆ ಇಡೀ ಊರನ್ನು ಕರೆಯಲಿ. ತುರ್ತು ಫೋನ್ ಬಂದರೆ ತೆಗೆಯಿರಿ, ಅದಕ್ಕೆ ಅಡ್ಡಿಯಿಲ್ಲ. ತುರ್ತು ಯಾವುದು ಅಲ್ಲ ಯಾವುದು ಎಂದು ತಿಳಿಯುವುದೇ ಈ ಅಭ್ಯಾಸದ ಅರ್ಧ ಭಾಗ. ಹಳೆಯ ವಿದ್ಯಾರ್ಥಿಗಳ ಸಂಘದ ಪರವಾಗಿ, ಆ ಒಂದು ಗಂಟೆಯಲ್ಲಿ ಓದಲು ಬೇಕಾದ ಪುಸ್ತಕಗಳನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಿಸುವ ಹೊಣೆಯನ್ನು ನಾವು ಕೆಲವು ಗೆಳೆಯರು ಹೊರುತ್ತೇವೆ. ಪಂಚಾಯಿತಿಯವರು, ಮುಖ್ಯ ಶಿಕ್ಷಕರು ಕುಳಿತು ತೀರ್ಮಾನಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಊಟದ ಹೊತ್ತಿನ ನಿದ್ದೆಯನ್ನು ತಡೆದುಕೊಂಡು, ಫೋನನ್ನೂ ತೆಗೆಯದೆ ಇಷ್ಟು ಹೊತ್ತು ಕೇಳಿದ್ದೀರಿ. ನಿಮ್ಮ ಈ ಅವಧಾನಕ್ಕೆ ನಾನು ಋಣಿ. 

ಜೈ ಹಿಂದ್, ಜೈ ಕರ್ನಾಟಕ.